ಹೆಸರು ಬದಲಾದ ದಿನ ಬೀದಿಗಿಳಿದ ಗಿರಾಕಿಗಳು: ಶಿಕಾಗೋದ ಮಾರ್ಷಲ್ ಫೀಲ್ಡ್ಸ್ ಮಳಿಗೆಯ ಇತಿಹಾಸ

2006ರ ಸೆಪ್ಟೆಂಬರ್ 9, ಶನಿವಾರ. ಅಮೆರಿಕದ ಶಿಕಾಗೋ ನಗರದ ಸ್ಟೇಟ್ ಸ್ಟ್ರೀಟಿನಲ್ಲಿ, ಒಂದು ಇಡೀ ಬ್ಲಾಕನ್ನೇ ಆವರಿಸಿಕೊಂಡ ಮಳಿಗೆಯ ಮೂಲೆಗೆ ಅಳವಡಿಸಿದ್ದ ದೊಡ್ಡ ಕಂಚಿನ ಗಡಿಯಾರದ ಕೆಳಗೆ, ಜನ ಫಲಕ ಹಿಡಿದು ಸೇರಿದ್ದರು. ಅಂಗಡಿಯನ್ನು ಯಾರೂ ಮುಚ್ಚಿರಲಿಲ್ಲ. ಬಾಗಿಲು ಎಂದಿನಂತೆ ತೆರೆದಿತ್ತು, ಒಳಗೆ ಮಾರಾಟ ನಡೆದಿತ್ತು, ಏಳನೆಯ ಮಹಡಿಯ ಊಟದ ಸಭಾಂಗಣದಲ್ಲಿ ಅದೇ ಹಳೆಯ ಅಕ್ರೋಟು ಮರದ ಗೋಡೆಗಳಿದ್ದವು. ಬದಲಾದದ್ದು ಹೆಸರು. ಒಂದೂಕಾಲು ಶತಮಾನ ಮಾರ್ಷಲ್ ಫೀಲ್ಡ್ ಎಂಬ ಹೆಸರನ್ನು ಹೊತ್ತಿದ್ದ ಆ ಮಳಿಗೆ ಅಂದಿನಿಂದ, ನ್ಯೂಯಾರ್ಕ್ ಮೂಲದ ಮಳಿಗೆ ಸರಣಿಯ ಹೆಸರಿನಲ್ಲಿ, ಮೇಸೀಸ್ ಎಂದಾಯಿತು.

ಅಲ್ಲಿ ನಿಂತವರಲ್ಲಿ ಬಹುಪಾಲು ಮಂದಿ ಕಂಪನಿಯ ಮಾಲೀಕರೂ ಅಲ್ಲ, ನೌಕರರೂ ಅಲ್ಲ, ಬರಿಯ ಗಿರಾಕಿಗಳು. ದುಡ್ಡು ಕೊಟ್ಟು ಸಾಮಾನು ಒಯ್ದವರಿಗೆ ಅಂಗಡಿಯ ಹೆಸರಿನ ಮೇಲೆ ಯಾವ ಹಕ್ಕು ಎಂದು ಯಾರಾದರೂ ಕೇಳಿದರೆ, ಕಾನೂನಿನ ಉತ್ತರ ಒಂದೇ ಪದದ್ದು: ಇಲ್ಲ. ಆದರೆ ಅವರು ಆ ಹಕ್ಕು ತಮಗಿದೆ ಎಂದು ಭಾವಿಸುವಂತೆ ಮಾಡಿದ್ದು ಆ ಅಂಗಡಿಯೇ, ಅದೂ ಬಹಳ ಲೆಕ್ಕಾಚಾರದಿಂದ, ಬಹಳ ಹಣ ಸುರಿದು. ಆ ಹಣ ಎಲ್ಲಿಂದ ಬಂತು, ಅದು ನಿಂತಾಗ ಏನಾಯಿತು ಎಂಬುದನ್ನು ಹಿಡಿದು ಹೋದರೆ ಈ ಮಳಿಗೆಯ ಇತಿಹಾಸ ಬಿಡಿಸಿಕೊಳ್ಳುತ್ತದೆ.

ಅಮೆರಿಕದ ಡಿಪಾರ್ಟ್‌ಮೆಂಟ್ ಸ್ಟೋರುಗಳ ಮೂಲ ಹೆಚ್ಚಾಗಿ ಜವಳಿ ಅಂಗಡಿ. ಬಟ್ಟೆಯ ಥಾನು, ದಾರ, ಗುಂಡಿ, ರಿಬ್ಬನ್ನು, ಕೈಗವಸು ಇಂಥವನ್ನು ಮಾರುತ್ತಿದ್ದ ಅಂಗಡಿಗಳು ಒಂದೊಂದೇ ವಿಭಾಗ ಸೇರಿಸಿಕೊಳ್ಳುತ್ತ ಬೆಳೆದವು. ಶಿಕಾಗೋದಲ್ಲಿ ಆ ಬಗೆಯ ಅಂಗಡಿಯನ್ನು 1852ರಲ್ಲಿ ಲೇಕ್ ಸ್ಟ್ರೀಟಿನಲ್ಲಿ ತೆರೆದವನು ಪಾಟರ್ ಪಾಮರ್. ಆಗಿನ ವ್ಯಾಪಾರದ ರೂಢಿ ನಮ್ಮ ಸಂತೆಯ ರೂಢಿಗಿಂತ ಭಿನ್ನವಾಗಿರಲಿಲ್ಲ: ಗಿರಾಕಿಯ ಮುಖ ನೋಡಿ ಬೆಲೆ ಹೇಳುವುದು, ಚೌಕಾಸಿಗೆ ಇಳಿಯುವುದು, ಮಾರಿದ ಮೇಲೆ ಕೈತೊಳೆದುಕೊಳ್ಳುವುದು. ಪಾಮರ್ ಇದನ್ನು ತಿರುವುಮುರುವು ಮಾಡಿದ. ಹೆಂಗಸರು ಸರಕನ್ನು ಮನೆಗೆ ಒಯ್ದು ನೋಡಬಹುದು, ಒಪ್ಪಿಗೆಯಾಗದಿದ್ದರೆ ಮರಳಿಸಬಹುದು ಎಂದ. ಪ್ಯಾರಿಸ್ಸಿನ ಬಾನ್ ಮಾರ್ಶೆ, ನ್ಯೂಯಾರ್ಕಿನ ಎ. ಟಿ. ಸ್ಟೂವರ್ಟನ ಮಳಿಗೆಗಳು ಇದೇ ಕಾಲದಲ್ಲಿ ಇದೇ ದಾರಿ ಹಿಡಿದಿದ್ದವು, ಆದ್ದರಿಂದ ಇದು ಒಬ್ಬನ ತಲೆಯಲ್ಲಿ ಹುಟ್ಟಿದ ಉಪಾಯವಲ್ಲ.

ನಿಗದಿತ ಬೆಲೆ ಎಂಬುದು ಪ್ರಾಮಾಣಿಕತೆಯ ಮಾತಷ್ಟೇ ಅಲ್ಲ ಎಂಬುದನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಮಾಲೀಕನೇ ಗಲ್ಲಾಪೆಟ್ಟಿಗೆಯ ಮುಂದೆ ಕೂತ ಅಂಗಡಿಯಲ್ಲಿ ಚೌಕಾಸಿ ನಡೆಯಬಲ್ಲದು, ಏಕೆಂದರೆ ಯಾವ ಥಾನನ್ನು ಎಷ್ಟಕ್ಕೆ ಬಿಟ್ಟರೆ ನಷ್ಟವಿಲ್ಲ ಎಂಬುದು ಅವನಿಗೆ ಗೊತ್ತಿರುತ್ತದೆ. ನೂರಾರು ಗುಮಾಸ್ತರಿರುವ ಅಂಗಡಿಯಲ್ಲಿ ಒಬ್ಬೊಬ್ಬನೂ ತನಗೆ ತೋಚಿದ ಬೆಲೆಗೆ ಮಾರಿದರೆ ಸಂಜೆಯ ಲೆಕ್ಕ ಯಾರಿಗೂ ಸಿಗುವುದಿಲ್ಲ. ಬೆಲೆ ಚೀಟಿಯ ಮೇಲೆ ಬರೆದಿದ್ದರೆ ಅನುಭವವಿಲ್ಲದ ಹುಡುಗಿಯನ್ನೂ ಕೌಂಟರಿನ ಹಿಂದೆ ನಿಲ್ಲಿಸಬಹುದು, ಸಂಕೋಚದ ಗಿರಾಕಿಯೂ ಹೆದರದೆ ಒಳಗೆ ಬರಬಹುದು. ಸರಕು ವಾಪಸು ಪಡೆಯುವ ಭರವಸೆಯೂ ಹಾಗೆಯೇ. ಬಿಲ್ಲಿನ ಅಡಿಯಲ್ಲಿ ‘ಮಾರಿದ ಸರಕನ್ನು ವಾಪಸು ತೆಗೆದುಕೊಳ್ಳಲಾಗುವುದಿಲ್ಲ’ ಎಂಬ ಸಾಲನ್ನು ಓದಿ ಬೆಳೆದ ನಮಗೆ ಇದು ಧಾರಾಳತನದಂತೆ ಕಾಣಬಹುದು. ಆದರೆ ಮರಳಿಸಬಹುದು ಎಂದು ಗೊತ್ತಿದ್ದವರು ಕೊಳ್ಳಲು ಹಿಂಜರಿಯುವುದಿಲ್ಲ, ಕೊಂಡದ್ದರಲ್ಲಿ ಮರಳಿ ಬರುವುದು ಸ್ವಲ್ಪವೇ, ಹಾಗೆ ಬಂದ ಸರಕು ಯಾವ ತಯಾರಕನದು ನಂಬುವಂತಿಲ್ಲ ಎಂಬುದನ್ನೂ ಅಂಗಡಿಗೆ ತಿಳಿಸುತ್ತದೆ.

ಮಾರ್ಷಲ್ ಫೀಲ್ಡ್ ಹುಟ್ಟಿದ್ದು 1834ರಲ್ಲಿ, ಮ್ಯಾಸಚುಸೆಟ್ಸ್ ರಾಜ್ಯದ ಕಾನ್ವೇ ಎಂಬ ಊರಿನ ರೈತ ಕುಟುಂಬದಲ್ಲಿ. 1856ರಲ್ಲಿ ಶಿಕಾಗೋಗೆ ಬಂದು ಜವಳಿ ಕಂಪನಿಯೊಂದರಲ್ಲಿ ಗುಮಾಸ್ತನಾದ. 1865ರಲ್ಲಿ ಅವನೂ ಲೀವೈ ಲೈಟರ್ ಎಂಬ ಲೆಕ್ಕಪತ್ರದ ನಿಪುಣನೂ ಪಾಮರನ ಅಂಗಡಿಯಲ್ಲಿ ಪಾಲುದಾರರಾದರು. ಎರಡೇ ವರ್ಷದಲ್ಲಿ ಪಾಮರ್ ಹಿಂದೆ ಸರಿದು ಜಮೀನಿನ ವ್ಯವಹಾರಕ್ಕೆ ಕೈಹಾಕಿದ. ಆಗ ಇಕ್ಕಟ್ಟಾದ ಬೀದಿಯಾಗಿದ್ದ ಸ್ಟೇಟ್ ಸ್ಟ್ರೀಟಿನ ಉದ್ದಕ್ಕೂ ನಿವೇಶನ ಕೊಂಡು, ಬೀದಿಯನ್ನು ಅಗಲಗೊಳಿಸಿ, ಅಲ್ಲಿ ಕಟ್ಟಿಸಿದ ಅಮೃತಶಿಲೆಯ ಮುಖದ ಕಟ್ಟಡವನ್ನು 1868ರಲ್ಲಿ ಫೀಲ್ಡ್ ಮತ್ತು ಲೈಟರ್‌ಗೆ ಬಾಡಿಗೆಗೆ ಕೊಟ್ಟ. ವರ್ಷದ ಬಾಡಿಗೆ 50,000 ಡಾಲರ್. ನಗರದ ವ್ಯಾಪಾರಕೇಂದ್ರ ಲೇಕ್ ಸ್ಟ್ರೀಟಿನಿಂದ ಸ್ಟೇಟ್ ಸ್ಟ್ರೀಟಿಗೆ ತಿರುಗಿದ್ದು ಹೀಗೆ.

ಮೂರು ವರ್ಷದಲ್ಲಿ ಆ ಕಟ್ಟಡ ಬೂದಿಯಾಯಿತು. 1871ರ ಅಕ್ಟೋಬರ್ 8ರ ರಾತ್ರಿ ಹೊತ್ತಿಕೊಂಡ ಶಿಕಾಗೋದ ಮಹಾ ಅಗ್ನಿದುರಂತ ನಗರದ ನಡುಭಾಗವನ್ನೇ ನುಂಗಿತು. ಬೆಂಕಿ ಹತ್ತಿರವಾಗುವುದರೊಳಗೆ ನೌಕರರು ಬೆಲೆಬಾಳುವ ರೇಷ್ಮೆ, ಕಸೂತಿಯ ಸರಕನ್ನು ಗಾಡಿಗಳಿಗೆ ಹೇರಿ ಸಾಗಿಸಿದರು. ನನ್ನ ಗಮನ ಹೆಚ್ಚು ಸೆಳೆಯುವುದು ಅದರ ಮರುವಾರದ ಒಂದು ಮರದ ಫಲಕ. ಇನ್ನೂ ಹೊಗೆಯಾಡುತ್ತಿದ್ದ ಅವಶೇಷಗಳ ನಡುವೆ ಫೀಲ್ಡ್ ಮತ್ತು ಲೈಟರ್ ಹೆಸರಿನಲ್ಲಿ ನಿಲ್ಲಿಸಿದ್ದ ಅದರಲ್ಲಿ, ಹಣ ಒಯ್ಯುವ ಹುಡುಗರಿಗೂ ಕೆಲಸದ ಹುಡುಗಿಯರಿಗೂ ಬಾಕಿ ಸಂಬಳವನ್ನು ಅಕ್ಟೋಬರ್ 16ರ ಸೋಮವಾರ ಬೆಳಿಗ್ಗೆ 9ಕ್ಕೆ ಕ್ಯಾಲುಮೆಟ್ ಅವೆನ್ಯೂದ ಒಂದು ಮನೆಯಲ್ಲಿ ಕೊಡಲಾಗುವುದು ಎಂದು ಬರೆದಿತ್ತು. ಕೆಲವೇ ವಾರಗಳಲ್ಲಿ ಅಂಗಡಿ ಮತ್ತೆ ತೆರೆಯಿತು, ಕುದುರೆ ಟ್ರಾಮುಗಳ ಲಾಯವೊಂದರಲ್ಲಿ! ಹುಲ್ಲು, ಮೇವನ್ನೆಲ್ಲ ಆಚೆ ಹಾಕಿ, ಸುಣ್ಣ ಬಳಿದು, ಕುದುರೆ ಕಟ್ಟುತ್ತಿದ್ದ ಜಾಗದಲ್ಲಿ ರೇಷ್ಮೆ ಹರಡಿದರು. 1877ರಲ್ಲಿ ಮತ್ತೊಮ್ಮೆ ಬೆಂಕಿ ಬಿತ್ತು, ಮತ್ತೊಮ್ಮೆ ಕಟ್ಟಿದರು. 1881ರಲ್ಲಿ ಫೀಲ್ಡ್ ಲೈಟರನ ಪಾಲನ್ನೂ ಕೊಂಡ. ಅಲ್ಲಿಂದ ಮುಂದೆ ಅಂಗಡಿ ಅವನೊಬ್ಬನ ಹೆಸರಿನಲ್ಲಿ ನಡೆಯಿತು.

ಈಗ ಹಣದ ಮಾತು. ಮಾರ್ಷಲ್ ಫೀಲ್ಡ್ ಎಂದೊಡನೆ ಅಮೃತಶಿಲೆಯ ಕಂಬ, ಗಾಜಿನ ಗುಮ್ಮಟ, ನಯವಾಗಿ ಮಾತಾಡುವ ಸಿಬ್ಬಂದಿ ನೆನಪಾಗುತ್ತವೆ. ಆದರೆ ಹತ್ತೊಂಬತ್ತನೆಯ ಶತಮಾನದಲ್ಲಿ ಕಂಪನಿಯ ವಹಿವಾಟಿನ ದೊಡ್ಡ ಪಾಲು ಬರುತ್ತಿದ್ದುದು ಸಗಟು ವ್ಯಾಪಾರದಿಂದ. ಪೂರ್ವದ ಗಿರಣಿಗಳಿಂದಲೂ ಯುರೋಪಿನಿಂದಲೂ ಬಂದ ಸರಕು ಶಿಕಾಗೋದಲ್ಲಿ ಇಳಿದು, ಅಲ್ಲಿಂದ ರೈಲಿನಲ್ಲಿ ಅಯೋವಾ, ವಿಸ್ಕಾನ್ಸಿನ್, ನೆಬ್ರಾಸ್ಕಗಳ ಸಣ್ಣ ಊರಿನ ಅಂಗಡಿಗಳಿಗೆ ಹೋಗುತ್ತಿತ್ತು. ಆ ಊರುಗಳ ವ್ಯಾಪಾರಿಗಳಿಗೆ ಫೀಲ್ಡನೇ ಗಿರಣಿ, ಫೀಲ್ಡನೇ ಸಾಹುಕಾರ. ಅವನು ಮಾತ್ರ ಸರಕನ್ನು ಆದಷ್ಟು ನಗದು ಕೊಟ್ಟೇ ಕೊಳ್ಳುತ್ತಿದ್ದ, ಉದ್ರಿ ಕೊಟ್ಟರೂ ವಾಯಿದೆಯಲ್ಲಿ ಬಿಗಿಯಾಗಿದ್ದ. 1873ರ ಹಣಕಾಸಿನ ಬಿಕ್ಕಟ್ಟಿನಲ್ಲಿ ಸಾಲದ ಮೇಲೆ ನಿಂತ ಎಷ್ಟೋ ವ್ಯಾಪಾರಿಗಳು ಮುಳುಗಿದಾಗ ಅವನು ತೇಲಿದ್ದು ಇದರಿಂದ. 1887ರಲ್ಲಿ ವಾಸ್ತುಶಿಲ್ಪಿ ಎಚ್. ಎಚ್. ರಿಚರ್ಡ್‌ಸನ್ ವಿನ್ಯಾಸದಲ್ಲಿ ಎದ್ದ ಏಳು ಮಹಡಿಯ ಕಲ್ಲುಕಟ್ಟಡ ಚಿಲ್ಲರೆ ಮಾರಾಟಕ್ಕಲ್ಲ, ಈ ಸಗಟು ವಹಿವಾಟಿಗೆ ಮೀಸಲಾದದ್ದು. ಸ್ಟೇಟ್ ಸ್ಟ್ರೀಟಿನ ಚೆಂದದ ಮಳಿಗೆಗೆ ಬೆನ್ನೆಲುಬಾಗಿದ್ದುದು ಈ ಸಗಟಿನ ಲಾಭ. ಆ ಮಳಿಗೆಯ ಖ್ಯಾತಿ ಸಗಟಿನ ಸರಕಿಗೆ ಮುದ್ರೆಯಂತೆಯೂ ಕೆಲಸ ಮಾಡುತ್ತಿತ್ತು: ಶಿಕಾಗೋದ ಶ್ರೀಮಂತರು ಕೊಳ್ಳುವ ಕಡೆಯಿಂದಲೇ ತರಿಸಿದ್ದು ಎಂದು ಹೇಳಿಕೊಳ್ಳಲು ಯಾವ ಸಣ್ಣ ಊರಿನ ವ್ಯಾಪಾರಿಗೆ ಇಷ್ಟವಿಲ್ಲ?

ಚಿಲ್ಲರೆ ಮಳಿಗೆಗೆ ಮೆರುಗು ತಂದವನು ಹ್ಯಾರಿ ಗೋರ್ಡನ್ ಸೆಲ್ಫ್ರಿಜ್. 1879ರಲ್ಲಿ ಕೆಳಗಿನ ಕೆಲಸಕ್ಕೆ ಸೇರಿದ ಈ ಯುವಕ ಕೆಲವೇ ವರ್ಷಗಳಲ್ಲಿ ಚಿಲ್ಲರೆ ವಿಭಾಗದ ಮುಖ್ಯಸ್ಥನಾದ. ಮಿತಮಾತಿನ ಫೀಲ್ಡನಿಗೆ ಇವನ ಸಡಗರ ಹಿಡಿಸುತ್ತಿರಲಿಲ್ಲ, ಆದರೆ ಅದರ ಫಲ ಹಿಡಿಸುತ್ತಿತ್ತು. 1885ರಲ್ಲಿ ನೆಲಮಾಳಿಗೆಯಲ್ಲಿ ಅಗ್ಗದ ಸರಕಿನ ವಿಭಾಗ ತೆರೆಯಿತು. ಮೇಲೆ ಸಿರಿವಂತರು, ಕೆಳಗೆ ಗುಮಾಸ್ತರ ಮನೆಯವರು, ಬಾಗಿಲು ಮಾತ್ರ ಒಂದೇ. ‘ಆಕೆ ಏನು ಕೇಳುತ್ತಾಳೋ ಅದನ್ನು ಕೊಡು’ ಎಂದು, ಗಿರಾಕಿಯೊಬ್ಬಳೊಡನೆ ವಾದಕ್ಕಿಳಿದಿದ್ದ ನೌಕರನಿಗೆ ಫೀಲ್ಡ್ ಹೇಳಿದನೆಂಬ ಪ್ರತೀತಿ ಇದೆ. ಆ ಮಾತು ಕಂಪನಿಯ ಧ್ಯೇಯವಾಕ್ಯವೇ ಆಯಿತು.

ಆ ಮಾತಿನ ಹಿಂದೆ ಒಂದು ಸಾಮಾಜಿಕ ಸಂಗತಿ ಇದೆ. ಆ ಕಾಲದ ಶಿಕಾಗೋದ ಪೇಟೆಯಲ್ಲಿ ಮರ್ಯಾದಸ್ಥ ಮನೆಯ ಹೆಂಗಸು ಒಬ್ಬಳೇ ಕೂತು ಊಟ ಮಾಡುವಂಥ ಜಾಗ ಬಹಳ ಕಡಿಮೆ. ಹೋಟೆಲುಗಳು ಗಂಡಸರವು, ಹಲವು ಕಡೆ ಮದ್ಯವೂ ಜೊತೆಗೆ. ಹಸಿವಾದರೆ ಖರೀದಿ ಅರ್ಧಕ್ಕೆ ಬಿಟ್ಟು ಮನೆಗೆ ಹೋಗಬೇಕು. ಟೋಪಿ ವಿಭಾಗದಲ್ಲಿ ಕೆಲಸಕ್ಕಿದ್ದ, ಇತಿಹಾಸದಲ್ಲಿ ಶ್ರೀಮತಿ ಹೆರಿಂಗ್ ಎಂದೇ ಉಳಿದಿರುವ ಹೆಂಗಸು, ಹೀಗೆ ಹಸಿದು ಬಳಲಿದ ಗಿರಾಕಿಗೆ ತಾನು ಮನೆಯಿಂದ ತಂದಿದ್ದ ಬುತ್ತಿಯನ್ನೇ ಹಂಚಿದಳಂತೆ. ಅದು ಚಿಕನ್ ಪಾಟ್ ಪೈ, ಎಂದರೆ ಕೋಳಿಮಾಂಸದ ಗಟ್ಟಿ ಸಾರಿನ ಮೇಲೆ ಬೆಣ್ಣೆ ಹಾಕಿ ಕಲಸಿದ ಹಿಟ್ಟಿನ ಹೊದಿಕೆ ಮುಚ್ಚಿ ಬೇಯಿಸುವ ತಿನಿಸು. ಗಿರಾಕಿ ಮನೆಗೆ ಹೋಗಲಿಲ್ಲ, ಖರೀದಿ ಮುಂದುವರಿಯಿತು. ಇದರಲ್ಲಿದ್ದ ವ್ಯಾಪಾರದ ಸೂಕ್ಷ್ಮ ಸೆಲ್ಫ್ರಿಜನ ಕಣ್ಣಿಗೆ ಬಿತ್ತು. 1890ರಲ್ಲಿ 15 ಮೇಜುಗಳ ಟೀ ರೂಮ್ ಮಳಿಗೆಯೊಳಗೇ ತೆರೆಯಿತು. ಅದರ ಬೆನ್ನಿಗೆ ಓದುವ ಕೋಣೆ, ಪತ್ರ ಬರೆಯುವ ಮೇಜು, ವಿಶ್ರಾಂತಿ ಕೊಠಡಿ, ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ ಎಲ್ಲವೂ ಬಂದವು. ಇವೊಂದಕ್ಕೂ ಶುಲ್ಕವಿರಲಿಲ್ಲ, ಏನನ್ನೂ ಕೊಳ್ಳದೆ ಇಡೀ ದಿನ ಅಲ್ಲಿ ಕಳೆದು ಹೋಗಬಹುದಿತ್ತು. ಹೆಂಗಸರಿಗೆ ಪೇಟೆಯ ನಡುವೆ ತಮ್ಮದೆನ್ನುವ ಜಾಗ ಸಿಕ್ಕಿತು. ಅಂಗಡಿ ನಗರದ ಸಾರ್ವಜನಿಕ ಸ್ಥಳವಾಗಿ ಬದಲಾದದ್ದು ಆಗಲೇ.

ಶಿಕಾಗೋ ಎಂದರೆ ನಮ್ಮಲ್ಲಿ ಬಹುಮಂದಿಗೆ ಮೊದಲು ನೆನಪಾಗುವುದು 1893ರ ಸೆಪ್ಟೆಂಬರ್ 11ರ ಸ್ವಾಮಿ ವಿವೇಕಾನಂದರ ಭಾಷಣ. ಆ ಸರ್ವಧರ್ಮ ಸಮ್ಮೇಳನ ನಡೆದ ಕಟ್ಟಡ ಫೀಲ್ಡನ ಮಳಿಗೆಯಿಂದ ಕೆಲವೇ ಬೀದಿಗಳಾಚೆ ಇದೆ. ಸಮ್ಮೇಳನಕ್ಕೆ ಕಾರಣವಾದ ವಿಶ್ವಮೇಳವೇ ಮಳಿಗೆಯ ವಿಸ್ತರಣೆಗೂ ಕಾರಣವಾಯಿತು. ಮೇಳಕ್ಕೆ ಬರುವ ಜನಸಾಗರವನ್ನು ಎಣಿಸಿ ಹೊಸ ಕಟ್ಟಡವೊಂದನ್ನು ಸೇರಿಸಲಾಯಿತು. ಮೇಳ ಮುಗಿದ ಮೇಲೆ ಅಲ್ಲಿನ ಸಂಗ್ರಹ ಚದುರಿಹೋಗದಂತೆ ವಸ್ತುಸಂಗ್ರಹಾಲಯ ಕಟ್ಟಲು ಫೀಲ್ಡ್ 10 ಲಕ್ಷ ಡಾಲರ್ ಕೊಟ್ಟ. ಇಂದಿಗೂ ಪ್ರಸಿದ್ಧವಾಗಿರುವ ಫೀಲ್ಡ್ ಮ್ಯೂಸಿಯಂ ಅದೇ.

1897ರಲ್ಲಿ ವಾಷಿಂಗ್ಟನ್ ಬೀದಿಯ ಮೂಲೆಗೆ ಮೊದಲ ಗಡಿಯಾರ ಬಂತು. ಜನ ಆ ಮೂಲೆಯನ್ನು ಪರಸ್ಪರ ಭೇಟಿಗೆ ಗೊತ್ತುಮಾಡಿಕೊಂಡಿದ್ದರು, ಕಾದು ಸಾಕಾದವರು ಕಿಟಕಿಯ ಸಂದಿನಲ್ಲಿ ಚೀಟಿ ಸಿಕ್ಕಿಸಿ ಹೋಗುತ್ತಿದ್ದುದನ್ನು ಕಂಡು ಫೀಲ್ಡ್ ಗಡಿಯಾರ ಹಾಕಿಸಿದ ಎಂದು ಹೇಳುತ್ತಾರೆ. ಮುಂದೆ ರ‍್ಯಾಂಡಾಲ್ಫ್ ಬೀದಿಯ ಮೂಲೆಗೂ ಇಂಥದೇ ಇನ್ನೊಂದು ಬಂತು. ಒಂದೊಂದರ ತೂಕ ಸುಮಾರು ಏಳೂಮುಕ್ಕಾಲು ಟನ್. ‘ಗಡಿಯಾರದ ಕೆಳಗೆ ಸಿಗೋಣ’ ಎಂದರೆ ಶಿಕಾಗೋದವರಿಗೆ ಯಾವ ಗಡಿಯಾರ ಎಂದು ಹೇಳಬೇಕಾಗಿರಲಿಲ್ಲ. 1907ರಲ್ಲಿ ಪೂರ್ಣಗೊಂಡ ದಕ್ಷಿಣ ಭಾಗದ ಒಳಾಂಗಣದಲ್ಲಿ ನಿಂತು ತಲೆಯೆತ್ತಿದರೆ ಕಾಣುವ ಕಮಾನು ಛಾವಣಿ ಗಾಜಿನ ಕಲೆಗೆ ಹೆಸರಾದ ಲೂಯಿಸ್ ಕಂಫರ್ಟ್ ಟಿಫನಿಯ ಕೆಲಸ. ಸುಮಾರು 16 ಲಕ್ಷ ಗಾಜಿನ ಚೂರುಗಳನ್ನು ಕೈಯಿಂದ ಜೋಡಿಸಿ ಮಾಡಿದ ಅದರ ನೀಲಿ, ಹಸಿರು, ಹೊನ್ನಿನ ಬಣ್ಣಗಳು ನಿಂತ ಜಾಗ ಬದಲಿಸಿದಂತೆ ನವಿಲುಗರಿಯ ಹಾಗೆ ಬೇರೆಬೇರೆಯಾಗಿ ಹೊಳೆಯುತ್ತವೆ. ಅದೇ ವರ್ಷ ಏಳನೆಯ ಮಹಡಿಯಲ್ಲಿ ತೆರೆದ ಊಟದ ಸಭಾಂಗಣಕ್ಕೆ ಕಾಕಸಸ್ ಸೀಮೆಯ ಅಕ್ರೋಟು ಮರದ ಹಲಗೆ ಹೊದಿಸಿದ್ದರಿಂದ ವಾಲ್ನಟ್ ರೂಮ್ ಎಂಬ ಹೆಸರು ನಿಂತಿತು. ಕ್ರಿಸ್ಮಸ್ ಬಂದರೆ ಅದರ ನಡುವೆ ಹಲವು ಮಹಡಿಗಳೆತ್ತರದ ಮರ. ಆ ಮರದ ಬುಡದಲ್ಲಿ ಅಜ್ಜಿ, ಮಗಳು, ಮೊಮ್ಮಗಳು ಒಟ್ಟಿಗೆ ಕೂತು ಪಾಟ್ ಪೈ ತಿನ್ನುವುದು ಶಿಕಾಗೋದ ಮನೆಗಳಲ್ಲಿ ಹಬ್ಬದ ವಾಡಿಕೆಯಾಯಿತು. 2006ರಲ್ಲಿ ಫಲಕ ಹಿಡಿದವರು ಹೊತ್ತು ತಂದದ್ದು ಈ ನೆನಪನ್ನು.

ಈ ವೈಭವದ ಕಥೆಯನ್ನು ಏಕಮುಖವಾಗಿ ಹೇಳುವುದು ಸರಿಯಲ್ಲ. ಗಿರಾಕಿಗೆ ಬಾಗಿದ ಫೀಲ್ಡ್ ಕಾರ್ಮಿಕ ಸಂಘಟನೆಗಳ ಕಟ್ಟಾ ವಿರೋಧಿ, ಸಂಘ ಸೇರಿದವರಿಗೆ ಅವನಲ್ಲಿ ಜಾಗವಿರಲಿಲ್ಲ. ಎಲ್ಲರಿಗೂ ತೆರೆದ ಬಾಗಿಲೆಂಬ ಮಾತಿಗೂ ಮೈಬಣ್ಣದ ಗೆರೆ ಇತ್ತು: ಇಪ್ಪತ್ತನೆಯ ಶತಮಾನದ ನಡುಭಾಗದವರೆಗೂ ಮಾರಾಟದ ಕೌಂಟರಿನಲ್ಲಿ ಕಪ್ಪು ನೌಕರರು ಕಾಣುತ್ತಿರಲಿಲ್ಲ, ಕಪ್ಪು ಗಿರಾಕಿಗಳಿಗೂ ಬಿಳಿಯರಿಗೆ ಸಿಗುವ ಆದರ ಸಿಗುತ್ತಿರಲಿಲ್ಲ. ನಗರದ ಅಂಗಡಿ ಎಂದಾಗ ನಗರದ ಯಾವ ಭಾಗದ ಅಂಗಡಿ ಎಂದು ಕೇಳಿಕೊಳ್ಳಬೇಕಾಗುತ್ತದೆ.

ಫೀಲ್ಡ್ 1906ರ ಜನವರಿಯಲ್ಲಿ ನ್ಯುಮೋನಿಯಾದಿಂದ ತೀರಿಕೊಂಡ. ಸೆಲ್ಫ್ರಿಜ್ ಅದಕ್ಕೆ ಮೊದಲೇ, 1904ರಲ್ಲಿ, ಕಂಪನಿ ಬಿಟ್ಟಿದ್ದ. 1909ರಲ್ಲಿ ಅವನು ಲಂಡನ್ನಿನಲ್ಲಿ ತೆರೆದ ಸೆಲ್ಫ್ರಿಜಸ್ ಶಿಕಾಗೋದ ಪಾಠವನ್ನು ಇಂಗ್ಲೆಂಡಿಗೆ ಕಲಿಸಿತು. ಫೀಲ್ಡನ ಸ್ಥಾನಕ್ಕೆ ಬಂದ ಜಾನ್ ಶೆಡ್ ಕೂಡ 1872ರಲ್ಲಿ ಗುಮಾಸ್ತನಾಗಿ ಸೇರಿದವನೇ, ಪ್ರಾಮಾಣಿಕ ಆಡಳಿತಗಾರ. ಆದರೆ ಅವನ ಕಾಲದಲ್ಲೇ ಸಗಟು ವ್ಯಾಪಾರದ ತಳ ಸಡಿಲವಾಗತೊಡಗಿತು. ಅಂಚೆಯ ಮೂಲಕ ಸರಕು ಕಳಿಸುವ ಸಿಯರ್ಸ್, ಮಾಂಟ್ಗೊಮೆರಿ ವಾರ್ಡ್ ಕಂಪನಿಗಳು ಹಳ್ಳಿಯ ಗಿರಾಕಿಯನ್ನು ನೇರವಾಗಿ ಹಿಡಿದವು. ಮೋಟಾರು ಕಾರು ಬಂದ ಮೇಲೆ ರೈತ ತನ್ನೂರಿನ ಸಣ್ಣ ಅಂಗಡಿಯನ್ನು ದಾಟಿ ಪಟ್ಟಣಕ್ಕೆ ಹೋದ. ಸರಣಿ ಅಂಗಡಿಗಳು ಗಿರಣಿಯಿಂದಲೇ ಕೊಂಡವು. ಸಣ್ಣ ವ್ಯಾಪಾರಿ ಸೊರಗಿದಂತೆ ಅವನಿಗೆ ಸರಕು ಕೊಡುತ್ತಿದ್ದವನೂ ಸೊರಗಿದ.

ಕಂಪನಿ ಇದಕ್ಕೆ ಕೊಟ್ಟ ಉತ್ತರ, ನನ್ನ ಮಟ್ಟಿಗೆ, ಅದರ ಚರಿತ್ರೆಯ ಅತ್ಯಂತ ದೊಡ್ಡ ತಪ್ಪು. ಕುಸಿಯುತ್ತಿದ್ದ ಸಗಟನ್ನು ಉಳಿಸಲು ಶಿಕಾಗೋ ನದಿಯ ದಂಡೆಯಲ್ಲಿ ಮರ್ಚಂಡೈಸ್ ಮಾರ್ಟ್ ಎಂಬ, 40 ಲಕ್ಷ ಚದರ ಅಡಿಯ, ಆಗ ಜಗತ್ತಿನಲ್ಲೇ ಅತಿ ದೊಡ್ಡದೆನಿಸಿದ್ದ ಕಟ್ಟಡವನ್ನು ಕಟ್ಟಿ 1930ರಲ್ಲಿ ತೆರೆದರು. ಮಹಾ ಆರ್ಥಿಕ ಕುಸಿತ ಆಗಷ್ಟೇ ಆರಂಭವಾಗಿತ್ತು. ರಿಚರ್ಡ್‌ಸನ್ನನ ಕಲ್ಲುಕಟ್ಟಡವನ್ನು ಅದೇ ವರ್ಷ ಕೆಡವಿದರು, ಆ ಜಾಗ ಕಾರು ನಿಲ್ಲಿಸುವ ಬಯಲಾಯಿತು. 1935ರಲ್ಲಿ ಕಂಪನಿಯನ್ನು ಸರಿಪಡಿಸಲು ಕರೆತಂದವನು ಜೇಮ್ಸ್ ಮೆಕಿನ್ಸಿ. ಹೌದು, ಇಂದು ಜಗತ್ತಿನ ಕಂಪನಿಗಳಿಗೆಲ್ಲ ಸಲಹೆ ಮಾರುವ ಮೆಕಿನ್ಸಿ ಸಂಸ್ಥೆಯ ಸ್ಥಾಪಕನೇ. ಅವನು ಸಗಟು ವಿಭಾಗವನ್ನು ಮುಚ್ಚಿಸಿ ಅಪಾರ ಸಂಖ್ಯೆಯಲ್ಲಿ ನೌಕರರನ್ನು ತೆಗೆದ, 1937ರಲ್ಲಿ ತಾನೇ ತೀರಿಕೊಂಡ. ಮಾರ್ಟ್ ಕಟ್ಟಡವನ್ನು 1945ರಲ್ಲಿ, ಮುಂದೆ ಅಧ್ಯಕ್ಷನಾದ ಜಾನ್ ಎಫ್. ಕೆನಡಿಯ ತಂದೆ ಜೋಸೆಫ್ ಕೆನಡಿಗೆ ಮಾರಲಾಯಿತು. ಅಂದಿನಿಂದ ಚಿಲ್ಲರೆ ಮಳಿಗೆ ತನ್ನ ಸಂಪಾದನೆಯಲ್ಲೇ ತನ್ನ ಸೊಗಸನ್ನು ಸಾಕಬೇಕಾಯಿತು.

ಕೆಲವು ದಶಕ ಅದು ಸಾಧ್ಯವೂ ಆಯಿತು. 1920ರ ದಶಕದ ಕೊನೆಯಲ್ಲೇ ಇವಾನ್‌ಸ್ಟನ್, ಓಕ್ ಪಾರ್ಕ್, ಲೇಕ್ ಫಾರೆಸ್ಟ್ ಉಪನಗರಗಳಲ್ಲಿ ಶಾಖೆಗಳು ತೆರೆದಿದ್ದವು. ಯುದ್ಧದ ನಂತರ ಹಣವಂತರು ನಗರದಾಚೆ ಮನೆ ಮಾಡಿದಾಗ 1956ರಲ್ಲಿ ಓಲ್ಡ್ ಆರ್ಚರ್ಡ್, 1962ರಲ್ಲಿ ಓಕ್‌ಬ್ರೂಕ್ ಮಾಲುಗಳಿಗೆ ಮಳಿಗೆಯೂ ಹೋಯಿತು. ಆದರೆ ಮಾಲಿನ ಶಾಖೆಗೆ ಗಾಜಿನ ಛಾವಣಿ ಇಲ್ಲ, ಪಕ್ಕದಲ್ಲೇ ನಾಲ್ಕು ಪ್ರತಿಸ್ಪರ್ಧಿಗಳು. ಅಲ್ಲಿ ಫೀಲ್ಡ್ ಇನ್ನೊಂದು ಒಳ್ಳೆಯ ಅಂಗಡಿ, ಅಷ್ಟೆ.

1982ರಿಂದಾಚೆಗೆ ಇತಿಹಾಸ ಅಂಗಡಿಯಿಂದ ಷೇರುಪೇಟೆಗೆ ಜಾರುತ್ತದೆ. ಹೂಡಿಕೆದಾರ ಕಾರ್ಲ್ ಐಕಾನ್ ಷೇರು ಕೊಳ್ಳುತ್ತ ಸ್ವಾಧೀನಕ್ಕೆ ಹವಣಿಸಿದಾಗ, ಅವನಿಂದ ತಪ್ಪಿಸಿಕೊಳ್ಳಲು ಆಡಳಿತ ಮಂಡಳಿ ಕಂಪನಿಯನ್ನು ಬ್ರಿಟಿಷ್ ಅಮೆರಿಕನ್ ಟೊಬ್ಯಾಕೊದ ಅಮೆರಿಕ ಘಟಕಕ್ಕೆ ಮಾರಿತು. 1989ರಲ್ಲಿ ಆ ತಂಬಾಕು ಕಂಪನಿಯ ಮೇಲೆಯೇ ಲಂಡನ್ನಿನಲ್ಲಿ ಉದ್ಯಮಿ ಜೇಮ್ಸ್ ಗೋಲ್ಡ್‌ಸ್ಮಿತ್ ಕಣ್ಣು ಹಾಕಿದ. ಅವನನ್ನು ಎದುರಿಸಲು ಅದು ಅಂಗಡಿಗಳನ್ನು ಮಾರಲು ಹೊರಟಿತು. ಹೀಗೆ 1990ರಲ್ಲಿ ಮಿನಿಯಾಪೊಲಿಸ್ಸಿನ ಡೇಟನ್ ಹಡ್ಸನ್ ಕಂಪನಿ 100 ಕೋಟಿ ಡಾಲರಿಗೂ ಮಿಕ್ಕಿ ಕೊಟ್ಟು ಫೀಲ್ಡ್ಸ್ ಅನ್ನು ಕೊಂಡಿತು. ಈ ಡೇಟನ್ ಹಡ್ಸನ್ ಮುಂದೆ 2000ದಲ್ಲಿ ತನ್ನ ಅಗ್ಗದ ಸರಣಿಯ ಹೆಸರನ್ನೇ ಕಂಪನಿಗೂ ಇಟ್ಟುಕೊಂಡು ಟಾರ್ಗೆಟ್ ಆಯಿತು. ಬೆಂಗಳೂರಿನಲ್ಲಿ ದೊಡ್ಡ ಕಚೇರಿ ನಡೆಸುವ ಟಾರ್ಗೆಟ್ ಇದೇ. ಮರುವರ್ಷ ಅದು ಮಿನಿಯಾಪೊಲಿಸ್ಸಿನ ಡೇಟನ್ಸ್, ಡೆಟ್ರಾಯಿಟಿನ ಹಡ್ಸನ್ಸ್ ಮಳಿಗೆಗಳಿಗೂ ಮಾರ್ಷಲ್ ಫೀಲ್ಡ್ಸ್ ಎಂದು ಹೆಸರಿಟ್ಟಿತು. ಆ ಎರಡು ಊರುಗಳವರು ತಮ್ಮ ಅಂಗಡಿಯ ಹೆಸರು ಕಳೆದುಕೊಂಡು ನೊಂದರು. ಐದು ವರ್ಷದ ಮೇಲೆ ಅದೇ ಸರದಿ ಶಿಕಾಗೋದವರಿಗೆ ಬಂತು.

2004ರಲ್ಲಿ ಟಾರ್ಗೆಟ್ ಫೀಲ್ಡ್ಸ್ ಅನ್ನು ಮೇ ಎಂಬ ಡಿಪಾರ್ಟ್‌ಮೆಂಟ್ ಸ್ಟೋರ್ ಕಂಪನಿಗೆ ಮಾರಿತು, ಮರುವರ್ಷ ಮೇಸೀಸ್‌ನ ಒಡೆಯ ಫೆಡರೇಟೆಡ್ ಕಂಪನಿ ಮೇ ಕಂಪನಿಯನ್ನೇ ಕೊಂಡಿತು. ಫೆಡರೇಟೆಡ್‌ನ ಲೆಕ್ಕ ಸರಳವಾಗಿತ್ತು. ಬೋಸ್ಟನ್ನಿನಲ್ಲಿ ಫಿಲೀನ್ಸ್, ಟೆಕ್ಸಾಸಿನಲ್ಲಿ ಫೋಲೀಸ್, ಪಿಟ್ಸ್‌ಬರ್ಗಿನಲ್ಲಿ ಕೌಫ್ಮನ್ಸ್, ಶಿಕಾಗೋದಲ್ಲಿ ಫೀಲ್ಡ್ಸ್ ಎಂದು ಒಂದೊಂದು ಊರಿಗೆ ಒಂದೊಂದು ಹೆಸರಿದ್ದರೆ ದೇಶವ್ಯಾಪಿ ಟಿವಿ ಜಾಹೀರಾತು ಕೊಡುವಂತಿಲ್ಲ, ಚೀಲದಿಂದ ಹಿಡಿದು ವೆಬ್‌ಸೈಟಿನವರೆಗೆ ಎಲ್ಲವೂ ಬೇರೆಬೇರೆ. ಹೆಸರು ಒಂದಾದರೆ ಖರೀದಿ ವಿಭಾಗವೂ ಒಂದೇ, ಖರ್ಚೂ ಕಡಿಮೆ. ಒಂದೇ ದಿನ ಸುಮಾರು 400 ಮಳಿಗೆಗಳ ಹೆಸರು ಬದಲಾಯಿತು. ಆ ಲೆಕ್ಕದಲ್ಲಿ ಕಾಣದೆ ಹೋದದ್ದೆಂದರೆ, ಮರಳಿಸಿದ ಸರಕು, ಬಿಟ್ಟಿ ಓದುವ ಕೋಣೆ, ಗಡಿಯಾರ, ಹಬ್ಬದ ಮರ ಇವುಗಳಿಗೆ ಒಂದು ಶತಮಾನ ಸುರಿದ ಖರ್ಚೆಲ್ಲ ಜಮೆಯಾಗಿದ್ದುದು ಆ ಹೆಸರಿನ ಖಾತೆಗೇ ಎಂಬ ಸಂಗತಿ.

ಕಟ್ಟಡ ಮಾತ್ರ ಉಳಿಯಿತು. 1978ರಲ್ಲೇ ಅದು ರಾಷ್ಟ್ರೀಯ ಸ್ಮಾರಕವೆನಿಸಿತ್ತು. ಹೆಸರು ಬದಲಾಗುವ ಸುದ್ದಿ ಬಂದ ಮೇಲೆ 2005ರ ನವೆಂಬರಿನಲ್ಲಿ ಶಿಕಾಗೋ ನಗರಾಡಳಿತವೂ ಅದಕ್ಕೆ ಸ್ಮಾರಕದ ರಕ್ಷಣೆ ಕೊಟ್ಟಿತು. ಆದ್ದರಿಂದ ಮೂಲೆಗಳಲ್ಲಿ ‘ಮಾರ್ಷಲ್ ಫೀಲ್ಡ್ ಅಂಡ್ ಕಂಪನಿ’ ಎಂದು ಕೊರೆದ ಕಂಚಿನ ಫಲಕಗಳು ಅಲ್ಲೇ ಇವೆ, ಬಾಗಿಲಿನ ಮೇಲೆ ಮೇಸೀಸ್ ಎಂದಿದೆ. ಮೇಲಿನ ಮಹಡಿಗಳನ್ನು 2018ರಲ್ಲಿ ಮಾರಲಾಯಿತು. ಹಿಂದೆ ಇದೇ ಕಟ್ಟಡದ ಹದಿಮೂರನೆಯ ಮಹಡಿಯಲ್ಲಿ ತಯಾರಾಗುತ್ತಿದ್ದ ಫ್ರಾಂಗೊ ಎಂಬ ಪುದೀನಾ ಚಾಕೊಲೇಟಿನ ಹೆಸರು ಈಗ ಪಾಪ್‌ಕಾರ್ನ್ ಮಾರುವ ಗ್ಯಾರೆಟ್ ಕಂಪನಿಯ ಪಾಲಾಗಿದೆ. ಏಳನೆಯ ಮಹಡಿಯ ವಾಲ್ನಟ್ ರೂಮಿನಲ್ಲಿ ಪಾಟ್ ಪೈ ಈಗಲೂ ಸಿಗುತ್ತದೆ. ತಿಂಡಿಯ ಪಟ್ಟಿಯಲ್ಲಿ ಅದರ ಮುಂದೆ ಇರುವುದು ಟೋಪಿ ಮಾರುತ್ತಿದ್ದ ಶ್ರೀಮತಿ ಹೆರಿಂಗ್ ಹೆಸರು.